ಕಬ್ಬಿಣದ ಕನ್ಯೆ

ಹಾಸನದ ಸಮೀಪದಲ್ಲಿರುವ ಬೂವನಹಳ್ಳಿ ನಮ್ಮ ಊರು. ವಿಮಾನನಿಲ್ದಾಣದ ಸುದ್ದಿಯೊಡನೆ ಅದರ ಹೆಸರು ಈಗ ಆಗಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದುಂಟು. ನಾನು ಹುಡುಗನಾಗಿದ್ದಾಗ ಅಲ್ಲಿ ಆಕಾಶದಿಂದ ಇಳಿಯುತ್ತಿದ್ದುದು ಮಳೆ ಮತ್ತು ಕೊಕ್ಕರೆಗಳು ಮಾತ್ರ. ಸುತ್ತ ರಾಗಿ, ಆಲೂಗಡ್ಡೆ ಬೆಳೆಯುವ ಹೊಲಗಳು. ಶನಿವಾರದ ರಾತ್ರಿ ದೇವಸ್ಥಾನದ ಅಂಗಳದಲ್ಲಿ ಭಜನೆ. ಆ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು ನಮ್ಮ ತಂದೆ. ಅವರು ಯಾವ ಗುರುವಿನ ಬಳಿಯೂ ಕುಳಿತು ಪಾಠ ಹೇಳಿಸಿಕೊಂಡವರಲ್ಲ. ಆದರೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕಾವೇರಿಯ ದಡದಲ್ಲಿರುವ ಆ ಸಂಗೀತಗಾರರ ಊರು, ಅವರ ಪಾಲಿಗೆ ಕಾಶಿಗಿಂತ ಹೆಚ್ಚಿನದಾಗಿತ್ತು. 1920ರಲ್ಲಿ ಅಲ್ಲಿ ಜನಿಸಿದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರ ಗಾಯನ ಆಕಾಶವಾಣಿಯಲ್ಲಿ ಬರುವುದಿದ್ದರೆ, ಅಂದು ನಮ್ಮ ಮನೆಯಲ್ಲಿ ತಟ್ಟೆ ಲೋಟಗಳು ಕೂಡ ಸದ್ದು ಮಾಡುವಂತಿರಲಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ನಾನು ರಾಕ್ ಸಂಗೀತಕ್ಕೆ ಮನಸೋತೆ. ಅದು ನಡೆದ ಬಗೆಯನ್ನು ಹೇಳುತ್ತೇನೆ.

1985ರಲ್ಲಿ ನಾನು ಹಾಸನದ ಹಾಸ್ಟೆಲೊಂದರಲ್ಲಿದ್ದು ಪಿ.ಯು.ಸಿ. ಓದುತ್ತಿದ್ದೆ. ಬೆಂಗಳೂರಿನಿಂದ ಬಂದಿದ್ದ ಸಹಪಾಠಿಯೊಬ್ಬನ ಬಳಿ ಟೇಪ್ ರೆಕಾರ್ಡರ್ ಇತ್ತು. ದಸರಾ ರಜೆ ಮುಗಿಸಿ ಬರುವಾಗ ಅವನು ಒಂದು ಕ್ಯಾಸೆಟ್ ತಂದ. ಯಾರೋ ಯಾರಿಂದಲೋ ನಕಲು ಮಾಡಿಕೊಂಡದ್ದು. ಮೇಲೆ ಪೆನ್ಸಿಲಿನಲ್ಲಿ ‘ಐರನ್ ಮೇಡನ್’ ಎಂದು ಗೀಚಿತ್ತು. ಸ್ಟೀವ್ ಹ್ಯಾರಿಸ್ ಎಂಬ ತರುಣ 1975ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಕಟ್ಟಿದ ತಂಡ ಅದು ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಮೊದಲ ಹಾಡು ಮುಗಿಯುವ ಹೊತ್ತಿಗೆ ನನಗೆ ತಲೆನೋವು ಬಂದಿತ್ತೆಂಬುದನ್ನು ಮುಚ್ಚಿಡಲಾರೆ. ಎದ್ದುಹೋಗಬೇಕೆನ್ನುವಷ್ಟರಲ್ಲಿ ಕೊನೆಯ ಹಾಡು ಪ್ರಾರಂಭವಾಯಿತು. ಹದಿಮೂರು ನಿಮಿಷಗಳಿಗೂ ಮೀರಿದ ಹಾಡು. ನಡುವೆ ಒಮ್ಮೆಲೇ ಅಬ್ಬರವೆಲ್ಲ ಅಡಗಿ, ನಿಶ್ಚಲವಾದ ಸಮುದ್ರದಲ್ಲಿ ನಿಂತುಹೋದ ಹಡಗಿನ ಮರದ ಹಲಗೆಗಳು ಕಿರಕಿರನೆ ಸದ್ದುಮಾಡುವುದು ಕೇಳಿಸಿತು. ಆ ಮೌನದಲ್ಲಿ ಯಾರೋ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನ್ನ ತೋಳಿನ ರೋಮಗಳು ನಿಮಿರಿದವು.

ಆಂಗ್ಲಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ವೃದ್ಧ ನಾವಿಕನ ಕಥನಕವನವನ್ನೇ ಅವರು 1984ರಲ್ಲಿ ಹಾಡಾಗಿಸಿದ್ದರು. ನಿರಪರಾಧಿಯಾದ ಕಡಲಹಕ್ಕಿಯೊಂದನ್ನು ನಾವಿಕ ಬಾಣ ಬಿಟ್ಟು ಕೊಲ್ಲುತ್ತಾನೆ, ಗಾಳಿ ನಿಲ್ಲುತ್ತದೆ, ಸುತ್ತ ನೀರಿದ್ದರೂ ಕುಡಿಯಲು ಹನಿ ನೀರಿಲ್ಲದೆ ಜೊತೆಗಾರರೆಲ್ಲ ಸಾಯುತ್ತಾರೆ, ಆತನೊಬ್ಬ ಮಾತ್ರ ಉಳಿದು ಕಂಡವರಿಗೆಲ್ಲ ತನ್ನ ಕಥೆಯನ್ನು ಹೇಳುತ್ತ ಅಲೆಯುತ್ತಾನೆ. ನಿಘಂಟನ್ನು ಮುಂದಿಟ್ಟುಕೊಂಡು ಒಂದು ವಾರ ಒದ್ದಾಡಿ ಆ ಕವನವನ್ನು ಓದಿದೆ. ಯಾರ ಒತ್ತಾಯವೂ ಇಲ್ಲದೆ ನಾನು ಓದಿದ ಮೊದಲ ಇಂಗ್ಲಿಷ್ ಕವನ ಅದು.

ಕ್ಯಾಸೆಟ್ಟು ನನ್ನ ಜೊತೆ ಊರಿಗೆ ಬಂತು. ತಂದೆಯವರು ತಂಡದ ಹೆಸರಿನ ಅರ್ಥವನ್ನು ಕೇಳಿ ತಿಳಿದು, ಅಂದಿನಿಂದ ಅದನ್ನು ‘ಕಬ್ಬಿಣದ ಕನ್ಯೆ’ ಎಂದೇ ಕರೆಯತೊಡಗಿದರು. “ಮಗು, ನಿನ್ನ ಕಬ್ಬಿಣದ ಕನ್ಯೆಯನ್ನು ಸ್ವಲ್ಪ ಸುಮ್ಮನಿರಿಸು, ದನ ಬೆದರುತ್ತವೆ” ಎನ್ನುವರು. ಬೈಗುಳವಾಗಿದ್ದರೆ ಸಹಿಸಬಹುದಿತ್ತು, ಅವರದು ನಗೆ. ಒಮ್ಮೆ ನಾನೂ ಬಿಡಲಿಲ್ಲ. “ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲು ಹಿಡಿದದ್ದು ಏತಕ್ಕೆ? ಕೊನೆಯ ಸಾಲಿನಲ್ಲಿ ಕುಳಿತವನಿಗೂ ಕೇಳಲಿ ಎಂದಲ್ಲವೆ?” ಎಂದೆ. ತಂದೆ ಕ್ಷಣಹೊತ್ತು ಯೋಚಿಸಿ, “ತಂತಿ ಹೆಚ್ಚು ಕಟ್ಟಿದರು, ನಿಜ. ಕೇಳುವವರ ಕಿವಿ ಮುಚ್ಚಿಸಲಿಲ್ಲ” ಎಂದರು.

ಮುಂದೆ ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾದೆ. ಈ ವಾದವನ್ನು ಗೆಲ್ಲಲೆಂದೇ ವಿದ್ಯುತ್ ಗಿಟಾರಿನ ರಚನೆಯನ್ನು ಅಭ್ಯಾಸಮಾಡಿದೆನೆಂದರೆ ಸುಳ್ಳಾಗದು. ಅದರ ಉಕ್ಕಿನ ತಂತಿಗಳ ಕೆಳಗೆ ಕಾಂತಗಳಿರುತ್ತವೆ. ಕಾಂತಗಳ ಸುತ್ತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಡಿ ತಾಮ್ರದ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಇನ್ನು ಆ ಗೊಗ್ಗರು ದನಿಯ ರಹಸ್ಯ. ಆಂಪ್ಲಿಫೈಯರಿನ ಮೇಲೆ ಅದರ ಶಕ್ತಿಗೆ ಮೀರಿದ ಹೊರೆ ಹೇರಿದರೆ, ದನಿಯ ಅಲೆಗಳ ನೆತ್ತಿ ಕತ್ತರಿಸಿಹೋಗಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಸಂಖ್ಯೆಯುಳ್ಳ ಉಪಸ್ವರಗಳು ಎದ್ದುನಿಲ್ಲುತ್ತವೆ. ಮೊದಲು ದೋಷವೆನಿಸಿದ್ದ ಇದನ್ನೇ ರಾಕ್ ಸಂಗೀತಗಾರರು ಗುಣವಾಗಿ ಮಾಡಿಕೊಂಡರು. ನಮ್ಮ ತಂಬೂರಿಯನ್ನು ನೋಡಿ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನ ಎಳೆಯನ್ನು ಸರಿಸಿ ಸರಿಸಿ ಇಡುತ್ತಾರೆ. ಅದು ಸರಿಯಾದ ಸ್ಥಾನದಲ್ಲಿ ನಿಂತೊಡನೆ ತಂತಿ ಝೇಂಕರಿಸತೊಡಗುತ್ತದೆ. ಅಲ್ಲಿಯೂ ಎದ್ದುನಿಲ್ಲುವುದು ಉಪಸ್ವರಗಳೇ. ಇದನ್ನು ತಂದೆಯವರಿಗೆ ವಿವರಿಸಿದಾಗ ಅವರು, “ನೂಲಿನೆಳೆಗೂ ಸಿಡಿಮದ್ದಿಗೂ ವ್ಯತ್ಯಾಸವಿಲ್ಲವೇನೊ?” ಎಂದರು. ವಾದದಲ್ಲಿ ಅವರನ್ನು ಗೆಲ್ಲುವುದು ಕಷ್ಟವಾಗಿತ್ತು.

ಒಂದು ಸಂಗತಿ ಮಾತ್ರ ಅವರನ್ನು ತಟ್ಟಿತು. ಟೋನಿ ಅಯೋಮಿ ಎಂಬ ಹುಡುಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಲೋಹದ ತಗಡಿನ ಕಾರ್ಖಾನೆಯ ಕೆಲಸಗಾರ. ಹದಿನೇಳನೆಯ ವಯಸ್ಸಿನಲ್ಲಿ, ಆ ಕೆಲಸ ಬಿಡಬೇಕಾಗಿದ್ದ ಕಡೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಗೈಯಿಂದ ಮೀಟುತ್ತಿದ್ದ ಅವನಿಗೆ ತಂತಿಯನ್ನು ಒತ್ತಿಹಿಡಿಯುವ ಬೆರಳುಗಳೇ ಅವು. ಅವನು ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ನೋವಾಗದಿರಲೆಂದು ಮುಂದೆ ತಂತಿಗಳ ಬಿಗಿಯನ್ನು ಸಡಿಲಿಸಿದ. ಸಡಿಲಿಸಿದ ತಂತಿ ಭಾರವಾದ ಮಂದ್ರದಲ್ಲಿ ನುಡಿಯಿತು. ಅವನ ತಂಡ ಬ್ಲ್ಯಾಕ್ ಸಬತ್ 1970ರಲ್ಲಿ ಹೊರತಂದ ಧ್ವನಿಮುದ್ರಿಕೆಗಳಿಂದ ‘ಹೆವಿ ಮೆಟಲ್’ ಎಂಬ ಪಂಥವೇ ಬೆಳೆಯಿತು. ಐರನ್ ಮೇಡನ್ ಅದೇ ಪಂಥದ್ದು. ತಂದೆಯವರು ಇದನ್ನು ಕೇಳಿ ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡರು, ಏನೂ ಹೇಳಲಿಲ್ಲ.

ಹೀಗೆ ಇಪ್ಪತ್ತೆರಡು ವರ್ಷಗಳು ಕಳೆದವು. ಕ್ಯಾಸೆಟ್ಟುಗಳು ಸವೆದವು, ಸಿ.ಡಿ.ಗಳು ಬಂದವು. ಈ ಸಂಗೀತವನ್ನು ಕೇಳುವ ಇನ್ನೊಬ್ಬ ಮನುಷ್ಯ ನನ್ನ ಸುತ್ತ ಹತ್ತು ಮೈಲಿಯಲ್ಲಿ ಇದ್ದಂತೆ ಕಾಣಲಿಲ್ಲ. ಹಾಸನದಿಂದ ಕೊನೆಯ ಬಸ್ಸಿನಲ್ಲಿ ಬಂದಿಳಿದು ಕತ್ತಲೆಯಲ್ಲಿ ಮನೆಯ ಕಡೆ ನಡೆಯುವಾಗ, ಆ ತಂಡದ ಒಂದು ಹಾಡಿನ ಗಿಟಾರಿನ ಧಾಟಿಯನ್ನು ಗುನುಗುತ್ತಿದ್ದೆ. 1992ರ ಹಾಡು ಅದು. ಇರುಳಲ್ಲಿ ಒಬ್ಬನೇ ನಡೆಯುವವನು ಬೆನ್ನ ಹಿಂದೆ ಯಾರೋ ಇದ್ದಾರೆಂದು ಬೆದರುವುದೇ ಅದರ ವಸ್ತು. ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತಿತ್ತು.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಕಾರ್ಯಕ್ರಮವಿದೆಯೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ನಂಬಿಕೆಯಾಗಲಿಲ್ಲ. ಅದೇ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಾಡಿತ್ತು. ಆದರೆ ಈ ಪಂಥದ ಇಷ್ಟು ದೊಡ್ಡ ತಂಡ ಭಾರತಕ್ಕೆ ಬರುತ್ತಿದ್ದುದು ಅದೇ ಮೊದಲು. ಯುಗಾದಿಗೆ ಎರಡು ಮೂರು ದಿನಗಳಷ್ಟೇ ಉಳಿದಿದ್ದವು. “ಹಬ್ಬದ ಕೆಲಸ ಬಿಟ್ಟು ಕೂಗಾಟ ಕೇಳಲು ಹೋಗುವುದೆ? ಮೂವತ್ತೆಂಟು ವರ್ಷದ ಮೇಷ್ಟರು!” ಎಂದು ತಾಯಿಯವರು ಗೊಣಗಿದರು. ಜಗುಲಿಯ ಮೇಲೆ ಕುಳಿತಿದ್ದ ತಂದೆ ತಲೆಯೆತ್ತದೆ, “ಇಪ್ಪತ್ತು ವರ್ಷದಿಂದ ಒಂದನ್ನೇ ಹಿಡಿದಿದ್ದಾನೆ. ಹೋಗಿಬರಲಿ ಬಿಡು” ಎಂದರು.

ಮುಂಜಾನೆ ಬಸ್ಸು ಹಿಡಿದು ಚನ್ನರಾಯಪಟ್ಟಣ, ಕುಣಿಗಲ್ಲುಗಳನ್ನು ದಾಟಿ ಮಧ್ಯಾಹ್ನಕ್ಕೆ ಬೆಂಗಳೂರು ಸೇರಿದೆ. ಮೈದಾನದ ಹೊರಗೆ ಎಲ್ಲಿ ನೋಡಿದರೂ ಕಪ್ಪು ಅಂಗಿ. ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟವನು ನಾನೊಬ್ಬನೇ ಇರಬೇಕು. ಸರದಿಯಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗ ಶಿಲ್ಲಾಂಗಿನವನು. ಮೂರು ದಿನ ರೈಲಿನಲ್ಲಿ ಪ್ರಯಾಣಮಾಡಿ ಬಂದಿದ್ದ. ಅವನ ಹಿಂದಿಯೂ ನನ್ನ ಹಿಂದಿಯೂ ಒಂದನ್ನೊಂದು ಮೀರಿಸುವಂತಿದ್ದವು. ಕೊನೆಗೆ ಅವನು ಒಂದು ಧಾಟಿಯನ್ನು ಸಿಳ್ಳೆಹಾಕಿದ. ಅದರ ಮುಂದಿನ ಸಾಲನ್ನು ನಾನು ಸಿಳ್ಳೆಹಾಕಿದೆ. ಅಲ್ಲಿಂದ ಮುಂದೆ ನಮಗೆ ಭಾಷೆಯ ಅಗತ್ಯ ಬೀಳಲಿಲ್ಲ.

ಸಂಜೆ ಮೊದಲು ದಿಲ್ಲಿಯ ಪರಿಕ್ರಮ ತಂಡ ನುಡಿಸಿತು. ಬಳಿಕ ದೀಪಗಳು ಆರಿದವು. ಆಗ ಎದ್ದ ಕೂಗನ್ನು ಬಣ್ಣಿಸಲು ನನ್ನಲ್ಲಿ ಮಾತಿಲ್ಲ. ನಗಾರಿಯ ಪೆಟ್ಟು ಕಿವಿಗೆ ಕೇಳುವ ಮೊದಲೇ ಎದೆಗೆ ಬಡಿಯಿತು. ನೆಲ ಅಂಗಾಲಿನ ಅಡಿಯಲ್ಲಿ ನಡುಗುತ್ತಿತ್ತು. ಮೂವರು ಗಿಟಾರ್ ವಾದಕರು. ನಡುವೆ, ಒಂದು ಕಾಲನ್ನು ಮುಂದಿನ ಪೆಟ್ಟಿಗೆಯ ಮೇಲಿಟ್ಟು, ಐವತ್ತೊಂದು ವಯಸ್ಸಿನ ಸ್ಟೀವ್ ಹ್ಯಾರಿಸ್. ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಲೇ ತಾರಸ್ಥಾಯಿಯಲ್ಲಿ ಹಾಡುತ್ತಿದ್ದರು, ಉಸಿರು ತಪ್ಪುತ್ತಿರಲಿಲ್ಲ. 1854ರ ಬಾಲಕ್ಲಾವ ಕಾಳಗದಲ್ಲಿ ಫಿರಂಗಿಗಳೆದುರು ನುಗ್ಗಿ ಮಡಿದ ರಾವುತರ ಹಾಡು ಬಂತು. ಅದರ ಲಯವೇ ಕುದುರೆಯ ನಾಗಾಲೋಟ. ನಮ್ಮ ಜಾತ್ರೆಗಳ ಗಾರುಡಿಗೊಂಬೆಯನ್ನು ನೆನಪಿಗೆ ತರುವ, ‘ಎಡ್ಡಿ’ ಎಂಬ ವಿಕಾರಮುಖದ ಬೃಹತ್ ಬೊಂಬೆಯೂ ಬಂದು ಕುಣಿದುಹೋಯಿತು.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಇವಾವುವೂ ಅಲ್ಲ. ಗಿಟಾರುಗಳು ಮೆಲ್ಲನೆ ಆ ಕತ್ತಲೆಯ ಹಾಡಿನ ಧಾಟಿಯನ್ನು ಎತ್ತಿಕೊಂಡವು. ಇನ್ನೂ ಗಾಯಕರು ಬಾಯಿ ತೆರೆದಿರಲಿಲ್ಲ. ಮೈದಾನದಲ್ಲಿದ್ದ ಸಾವಿರ ಸಾವಿರ ಜನ, ಪದಗಳಿಲ್ಲದ ಆ ಧಾಟಿಯನ್ನು, ಬರಿಯ ಆಕಾರ ಓಕಾರಗಳಲ್ಲಿ, ಒಕ್ಕೊರಲಿನಿಂದ ಹಾಡಿದರು. ನಾನು ಕತ್ತಲೆಯಲ್ಲಿ ಒಬ್ಬನೇ ಗುನುಗುತ್ತಿದ್ದ ಅದೇ ಧಾಟಿ! ಇದು ಇವರಿಗೆಲ್ಲ ಹೇಗೆ ತಿಳಿಯಿತು ಎಂದು ಒಂದು ಗಳಿಗೆ ನಿಜವಾಗಿಯೂ ಬೆರಗಾದೆ. ನನ್ನ ಗುಟ್ಟನ್ನು ಯಾರೋ ಊರಿಗೆಲ್ಲ ಹೇಳಿಬಿಟ್ಟಂತೆ. ಆಮೇಲೆ ನಾನೂ ಹಾಡಿದೆ. ಭಜನೆಯಲ್ಲಿ ಕೊನೆಯ ಪಲ್ಲವಿಯನ್ನು ಎಲ್ಲರೂ ಎತ್ತಿಕೊಳ್ಳುವಾಗ ಹಾರ್ಮೋನಿಯಮ್ಮಿನ ಮೇಲೆ ಬಾಗಿದ ತಂದೆಯವರ ಮುಖ ಹೇಗಾಗುತ್ತಿತ್ತೆಂಬುದು ನೆನಪಾಯಿತು. ನನ್ನ ಮುಖವನ್ನು ನಾನು ನೋಡಿಕೊಳ್ಳುವಂತಿರಲಿಲ್ಲ. ಶಿಲ್ಲಾಂಗಿನ ಹುಡುಗ ನೋಡಿ ನಕ್ಕು, ನನ್ನ ಹೆಗಲ ಮೇಲೆ ಕೈಹಾಕಿದ.

ನಾನು ಇಪ್ಪತ್ತೆರಡು ವರ್ಷ ಕಾದಿದ್ದ ನಾವಿಕನ ಹಾಡನ್ನು ಆ ರಾತ್ರಿ ಅವರು ಹಾಡಲಿಲ್ಲ.

ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಎಂಟು ಗಂಟೆ ಕೆಲಸಮಾಡುವ ಜಾಗದಲ್ಲಿ 85 ಡೆಸಿಬಲ್ ಮೀರಿದ ಸದ್ದು ಅಪಾಯಕರವೆನ್ನುತ್ತಾರೆ. ಇಂಥ ಕಛೇರಿಗಳಲ್ಲಿ ಅದು ನೂರನ್ನು ದಾಟುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ನಾನು ತುರುಕಿಕೊಂಡಿದ್ದ ಹತ್ತಿ ಏನೇನೂ ಸಾಲದು; ಅದಕ್ಕೆಂದೇ ಮಾಡಿದ ಬೆಣೆಗಳಿವೆ. ವಿಜ್ಞಾನದ ಮೇಷ್ಟರಿಗೆ ಇದು ಮೊದಲೇ ಹೊಳೆಯಬೇಕಿತ್ತು. ಕಿವಿ ಮುಚ್ಚಿಸುವ ಮಾತಿನಲ್ಲಿ ತಂದೆಯವರು ತಪ್ಪಿರಲಿಲ್ಲ. ಹಬ್ಬದ ದಿನ ಅವರು ನನ್ನನ್ನು ಎರಡು ಸಲ ಕರೆದರೂ ಕೇಳಿಸದೆ, ಮೂರನೆಯ ಸಲ ಕೂಗಿ ಕರೆದರು; ಆಗಲೂ ನಕ್ಕರು.

2008ರಲ್ಲಿ ಆ ತಂಡ ಮುಂಬಯಿಗೆ ಬಂತು. ಡಿಕಿನ್ಸನ್ ವಿಮಾನಚಾಲಕರೂ ಹೌದು. ತಂಡದವರನ್ನೂ ವಾದ್ಯಸಾಮಗ್ರಿಯನ್ನೂ ಬೋಯಿಂಗ್ 757 ವಿಮಾನದಲ್ಲಿ ಹೊತ್ತು ತಾವೇ ನಡೆಸಿಕೊಂಡು ಬಂದಿದ್ದರು. “ನಮ್ಮೂರಿನ ನಿಲ್ದಾಣ ಮುಗಿದರೆ ಇಲ್ಲಿಯೇ ಇಳಿಯಬಹುದು” ಎಂದು ನೆರೆಯವರು ತಮಾಷೆ ಮಾಡಿದರು. 2009ರ ಫೆಬ್ರುವರಿ 15ರಂದು ಮತ್ತೆ ಅರಮನೆ ಮೈದಾನ. ಆ ಸಲದ ಪ್ರವಾಸದಲ್ಲಿ ನಾವಿಕನ ಹಾಡನ್ನು ಹಾಡುತ್ತಿದ್ದಾರೆಂದು ತಿಳಿದಿತ್ತು.

ನಾನು ಹೋಗಲಿಲ್ಲ. ತಂದೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು, ಬಲಗೈ ಆಡುತ್ತಿರಲಿಲ್ಲ. ಆ ಸಂಜೆ ಅವರ ಹಾಸಿಗೆಯ ಬಳಿ ಕುಳಿತು, ಹಳೆಯ ಟೇಪ್ ರೆಕಾರ್ಡರಿನಲ್ಲಿ ಅದೇ ಕ್ಯಾಸೆಟ್ಟನ್ನು ಹಾಕಿ, ನನಗಷ್ಟೇ ಕೇಳುವಷ್ಟು ಮೆಲ್ಲಗೆ ಇಟ್ಟುಕೊಂಡೆ. ಅವರು ನಿದ್ರಿಸುತ್ತಿದ್ದಾರೆಂದೇ ಭಾವಿಸಿದ್ದೆ. ಅಬ್ಬರ ಅಡಗಿ ಹಡಗಿನ ಹಲಗೆಗಳು ಕಿರಗುಟ್ಟತೊಡಗಿದಾಗ ಅವರು ಕಣ್ಣು ತೆರೆದರು.

“ಅದೇನು ಸದ್ದು?”

“ಹಡಗು ಅಪ್ಪ. ಗಾಳಿಯಿಲ್ಲದೆ ಕಡಲ ನಡುವೆ ನಿಂತಿದೆ.”

ಸ್ವಲ್ಪ ಹೊತ್ತು ಆಲಿಸಿದರು. “ದಡ ಸೇರುತ್ತದೆಯೆ?”

“ಹಡಗು ಮುಳುಗುತ್ತದೆ. ನಾವಿಕ ಸೇರುತ್ತಾನೆ.”

ಗಿಟಾರು ದೂರದಿಂದ ಮತ್ತೆ ಎದ್ದುಬರುತ್ತಿತ್ತು. ತಂದೆಯವರು ಎಡಗೈಯನ್ನು ಮೆಲ್ಲನೆ ಎತ್ತಿ ಪೆಟ್ಟಿಗೆಯ ಕಡೆ ತೋರಿಸಿದರು.

“ಏನೂ ಕೇಳುತ್ತಿಲ್ಲ, ಮಗು. ಸ್ವಲ್ಪ ಜೋರು ಮಾಡು.”