ಕಾಣದಂತೆ ಸೋರುವ ನೀರು

ರಾತ್ರಿ ಮಲಗುವಾಗ ಟಾಕಿ ತುಂಬಿತ್ತು. ಮುಂಜಾನೆ ಎದ್ದು ನೋಡಿದರೆ ನೀರು ನಾಲ್ಕು ಬೆರಳು ಇಳಿದಿದೆ. ರಾತ್ರಿ ಯಾರೂ ಸ್ನಾನ ಮಾಡಿಲ್ಲ. ಬಟ್ಟೆ ಒಗೆದಿಲ್ಲ. ನಳ ಬಂದ್ ಇತ್ತು. ಹಾಗಾದರೆ ನೀರು ಎಲ್ಲಿಗೆ ಹೋಯಿತು?

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಮಾತು ಬೆಳೆಯುತ್ತದೆ.

“ಯಾರು ಚೆಲ್ಲಿದ್ರವ್ವಾ ಇಷ್ಟು ನೀರು?” ಎಂದು ಅತ್ತಿ ಕೇಳುತ್ತಾಳೆ.

“ನಾ ಚೆಲ್ಲಿಲ್ಲರಿ ಅತ್ತಿ. ಎರಡು ಕೊಡ ತಗೊಂಡೀನಿ, ಅಷ್ಟೇ” ಎಂದು ಸೊಸಿ ಹೇಳುತ್ತಾಳೆ.

ಇಬ್ಬರ ಮಾತೂ ಖರೆ ಇರಬಹುದು. ನೀರು ಕಡಿಮೆ ಆದದ್ದು ಖರೆ. ಸೊಸಿ ಚೆಲ್ಲಿಲ್ಲ ಎನ್ನುವುದೂ ಖರೆ. ನೀರಿನ ಕಳ್ಳ ಗೋಡೆಯ ಒಳಗೆ ಇರಬಹುದು. ನೆಲದ ಕೆಳಗೆ ಇರಬಹುದು. ಟಾಕಿಯ ತಳದಲ್ಲಿ ಇರಬಹುದು. ಆ ಕಳ್ಳನನ್ನು ಹಿಡಿಯುವುದು ಹೇಗೆ? ನೋಡೋಣ ಬನ್ನಿ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹೆಣ್ಣುಮಕ್ಕಳಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಅಮರ್ಜಾ ಹೊಳೆ ಆಳಂದ ಕಡೆಯಿಂದ ಬರುತ್ತದೆ. ಗಾಣಗಾಪುರದ ಹತ್ತಿರ ಭೀಮಾ ನದಿಯನ್ನು ಸೇರುತ್ತದೆ. ಭೀಮಾ ನದಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹರಿಯುತ್ತದೆ. ಆದರೂ ಬ್ಯಾಸಗಿ ಬಂದರೆ ಎಷ್ಟೋ ಊರುಗಳಲ್ಲಿ ನಾವು ಕೊಡ ಹಿಡಿದು ತಿರುಗುವುದು ತಪ್ಪುವುದಿಲ್ಲ.

2019ರಲ್ಲಿ ಜಲ ಜೀವನ್ ಮಿಷನ್ ಯೋಜನೆ ಶುರುವಾಯಿತು. ಹಳ್ಳಿಯ ಮನೆ ಮನೆಗೆ ನಳ ಕೊಡುವುದು ಅದರ ಗುರಿ. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ನಳ ಬಂದ ಮನೆಗಳಲ್ಲಿ ಹೊರುವ ಕೆಲಸ ಕಡಿಮೆ ಆಯಿತು. ಆದರೆ ನೀರು ಈಗ ನೆಲದ ಒಳಗಿನ ಹಾದಿಯಲ್ಲಿ ಬರುತ್ತದೆ. ತಲೆ ಮೇಲಿನ ಕೊಡ ಸೋರಿದರೆ ನಮ್ಮ ಸೀರೆ ಒದ್ದೆಯಾಗುತ್ತದೆ, ಕೂಡಲೇ ತಿಳಿಯುತ್ತದೆ. ನೆಲದೊಳಗಿನ ಪೈಪು ಸೋರಿದರೆ ಯಾರ ಸೀರೆಯೂ ಒದ್ದೆಯಾಗುವುದಿಲ್ಲ.

ಹನಿಯ ಲೆಕ್ಕ

“ಹನಿ ಹನಿ ಬೀಳ್ತದ, ಅದರಾಗೇನದ ಬಿಡ್ರಿ” ಎನ್ನುತ್ತೇವೆ. ನಾವೀಗ ಲೆಕ್ಕ ಕಲಿತಿದ್ದೇವೆ. ಲೆಕ್ಕ ಹಾಕಿ ನೋಡೋಣ.

ಒಂದು ಸೆಕೆಂಡಿಗೆ ಒಂದು ಹನಿ ಬೀಳುತ್ತದೆ ಎನ್ನೋಣ. ಒಂದು ದಿನಕ್ಕೆ 86,400 ಸೆಕೆಂಡು. ಅಂದರೆ 86,400 ಹನಿ. ಸುಮಾರು 20 ಹನಿ ಕೂಡಿದರೆ 1 ಮಿಲಿಲೀಟರ್. ಔಷಧದ ಬಾಟಲಿ ಮೇಲೆ ‘ಮಿ.ಲೀ.’ ಎಂದು ಬರೆದಿರುತ್ತದಲ್ಲ, ಅದೇ. 86,400ನ್ನು 20ರಿಂದ ಭಾಗಿಸಿ. 4,320 ಮಿ.ಲೀ. ಬರುತ್ತದೆ. ನಾಲ್ಕು ಲೀಟರಿಗಿಂತ ಹೆಚ್ಚು. ತಿಂಗಳಿಗೆ ಸುಮಾರು 130 ಲೀಟರ್. 10 ಲೀಟರ್ ಹಿಡಿಯುವ ಕೊಡ ಆದರೆ 13 ಕೊಡ!

ಈ ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ಹನಿ ಬೀಳುವ ಕಡೆ ರಾತ್ರಿ ಒಂದು ಪಾತ್ರೆ ಇಡಿ. ಮುಂಜಾನೆ ಅಳೆಯಿರಿ.

ಇದು ಕಾಣುವ ಹನಿ. ಕಾಣದ ಸೋರಿಕೆ ಇದಕ್ಕಿಂತ ಕೆಟ್ಟದ್ದು. ಯಾರೂ ನೋಡುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಹರಿಯುತ್ತದೆ.

ರಾತ್ರಿ ಒಂದು ಗೆರೆ, ಮುಂಜಾನೆ ಒಂದು ಗೆರೆ

ಇದಕ್ಕೆ ಖರ್ಚಿಲ್ಲ. ಒಂದು ಖಡು ಅಥವಾ ಒಂದು ಇದ್ದಿಲ ತುಂಡು ಸಾಕು.

ರಾತ್ರಿ ಎಲ್ಲರೂ ಉಂಡು, ಪಾತ್ರೆ ತಿಕ್ಕಿ ಆದ ಮೇಲೆ ಎಲ್ಲ ನಳ ಬಂದ್ ಮಾಡಿ. ಟಾಕಿಗೆ ನೀರು ಬರುವುದನ್ನೂ ನಿಲ್ಲಿಸಿ. ನೀರು ಎಲ್ಲಿಯವರೆಗೆ ಇದೆ ನೋಡಿ. ಅದಕ್ಕೆ ಸರಿಯಾಗಿ ಟಾಕಿಯ ಒಳಗೋಡೆಗೆ ಒಂದು ಗೆರೆ ಎಳೆಯಿರಿ. ಟಾಕಿ ಆಳ ಇದ್ದರೆ ಬಗ್ಗಬೇಡಿ. ಉದ್ದ ಕೋಲು ನೆಟ್ಟಗೆ ಇಳಿಸಿ, ತೋಯ್ದ ಗುರುತಿಗೆ ಗೆರೆ ಹಾಕಿ. ಮುಂಜಾನೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ನೀರು ಗೆರೆಗೇ ಇದ್ದರೆ ಚಿಂತೆ ಇಲ್ಲ. ಇಳಿದಿದ್ದರೆ ಸೋರಿಕೆ ಇದೆ.

4 ಅಡಿ ಉದ್ದ, 4 ಅಡಿ ಅಗಲದ ಟಾಕಿಯಲ್ಲಿ 1 ಅಂಗುಲ ನೀರು ಇಳಿದರೆ ಸುಮಾರು 38 ಲೀಟರ್ ಹೋದಂತೆ.

ಟಾಕಿಯ ಮೇಲೆ ಮುಚ್ಚಳ ಇಲ್ಲವೇ? ಆಗ ಸ್ವಲ್ಪ ನೀರು ಆವಿಯಾಗಿಯೂ ಹೋಗುತ್ತದೆ. ನಮ್ಮ ಕಡೆಯ ಬಿಸಿಲು ಎಲ್ಲರಿಗೂ ಗೊತ್ತು. ಟಾಕಿಯ ಪಕ್ಕದಲ್ಲಿ ಒಂದು ಬಕೇಟು ನೀರು ಇಡಿ. ಅದಕ್ಕೂ ಗೆರೆ ಹಾಕಿ. ಬಕೇಟಿನ ನೀರಿಗಿಂತ ಟಾಕಿಯ ನೀರು ಹೆಚ್ಚು ಇಳಿದಿದ್ದರೆ ಅದು ಬಿಸಿಲಿನ ಕೆಲಸ ಅಲ್ಲ.

ಈಗ ಸೋರುವುದು ಟಾಕಿಯೋ ಪೈಪೋ? ಮರುದಿನ ರಾತ್ರಿ ಟಾಕಿಯಿಂದ ಹೊರಡುವ ಪೈಪಿನ ವಾಲ್ವ್ ತಿರುಗಿಸಿ ಬಂದ್ ಮಾಡಿ. ಮತ್ತೆ ಗೆರೆ ಹಾಕಿ. ವಾಲ್ವ್ ಬಂದ್ ಇದ್ದರೂ ನೀರು ಇಳಿದರೆ ಟಾಕಿ ಒಡೆದಿದೆ. ಇಳಿಯದಿದ್ದರೆ ಟಾಕಿ ಗಟ್ಟಿ ಇದೆ, ಪೈಪು ಸೋರುತ್ತಿದೆ. ಗೌಂಡಿಯನ್ನು ಕರೆಯಬೇಕೋ ನಳದ ಕೆಲಸದವನನ್ನು ಕರೆಯಬೇಕೋ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಸುಮ್ಮನೆ ಗೋಡೆ ಒಡೆಸುವ ಖರ್ಚು ಉಳಿಯುತ್ತದೆ.

ನಳಕ್ಕೆ ಮೀಟರ್ ಇದ್ದರೆ ಕೆಲಸ ಇನ್ನೂ ಸಲೀಸು. ನೀರು ಬರುವ ಹೊತ್ತಿನಲ್ಲಿ ಮನೆಯ ಎಲ್ಲ ನಳ ಬಂದ್ ಮಾಡಿ ಮೀಟರ್ ನೋಡಿ. ಆಗಲೂ ಅದು ತಿರುಗಿದರೆ ಮೀಟರಿನ ಆಚೆ, ನಮ್ಮ ಮನೆಯ ಕಡೆಗೇ ತೂತು ಇದೆ.

ಪೈಪಿನ ಜೋಡಣೆಯಲ್ಲಿ ಅನುಮಾನ ಬಂದರೆ ಅರಿವೆಯಿಂದ ಒರೆಸಿ, ಒಣಗಿದ ಒಲೆಬೂದಿ ಸವರಿ. ಕೂದಲೆಳೆಯಷ್ಟು ಸೀಳಿದ್ದರೂ ಅಲ್ಲಿ ಬೂದಿ ಕಪ್ಪಾಗುತ್ತದೆ. ಪಾಯಖಾನೆಗೆ ಫ್ಲಶ್ ಟಾಕಿ ಇರುವವರು ಅದರಲ್ಲಿ ಬಟ್ಟೆಗೆ ಹಾಕುವ ನೀಲಿ ಹಾಕಿ ಅರ್ಧ ತಾಸು ಬಿಡಿ. ನೀರು ಬಿಡದೆಯೇ ಕೆಳಗೆ ನೀಲಿ ಬಣ್ಣ ಬಂದರೆ ಒಳಗಿನ ವಾಯ್ಸರ್ ಹೋಗಿದೆ.

ಕಿವಿಯೂ ಕೆಲಸಕ್ಕೆ ಬರುತ್ತದೆ. ಊರೆಲ್ಲ ಮಲಗಿದ ಮೇಲೆ ಒಂದು ಒಣ ಕೋಲಿನ ತುದಿಯನ್ನು ಪೈಪಿಗೆ ಇಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿ. ‘ಸರ್’ ಎಂಬ ಸಪ್ಪಳ ಕೇಳಿದರೆ ನೀರು ಹರಿಯುತ್ತಿದೆ. ಪಟ್ಟಣಗಳಲ್ಲಿ ನೀರಿನ ಕೆಲಸದವರೂ ಹೀಗೇ ಕಬ್ಬಿಣದ ಸಲಾಕೆ ಇಟ್ಟು ಕೇಳುತ್ತಾರೆ.

ಗೋಡೆ ಏನು ಹೇಳ್ತದ?

ಗೋಡೆ ಹಸಿ ಇದ್ದ ಮಾತ್ರಕ್ಕೆ ಪೈಪು ಒಡೆದಿದೆ ಎಂದಲ್ಲ. ಹಸಿ ಎಲ್ಲಿದೆ, ಯಾವಾಗ ಬರುತ್ತದೆ ನೋಡಬೇಕು.

ಮಳೆಯಾದಾಗ ಮಾತ್ರ ಮೇಲಿನಿಂದ ಕೆಳಗೆ ಕಲೆ ಇಳಿದರೆ ಅದು ಮಾಳಿಗಿಯ ಸೋರಿಕೆ. ಮಣ್ಣಿನ ಮಾಳಿಗಿ ಆದರೆ ಮಳೆಗಾಲಕ್ಕೆ ಮೊದಲು ಮಣ್ಣು ಹಾಕಿ ಬಡಿಯುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಫರಸಿ ಹಾಸಿದ ಮಾಳಿಗಿ ಆದರೆ ಸಂದುಗಳನ್ನು ನೋಡಿ. ವರ್ಷವಿಡೀ ಗೋಡೆಯ ಬುಡ ಎರಡು ಅಡಿಯವರೆಗೆ ಹಸಿ ಇದ್ದು, ಉಪ್ಪಿನಂಥ ಬಿಳಿ ಪುಡಿ ಉದುರಿದರೆ ನೆಲದ ತೇವ ಮೇಲೆ ಏರುತ್ತಿದೆ. ಆದರೆ ಬ್ಯಾಸಗಿಯಲ್ಲೂ, ನಡು ಗೋಡೆಯಲ್ಲಿ, ಪೈಪು ಹೋದ ಕಡೆಗೇ ಒಂದು ಹಸಿ ಕಲೆ ದಿನದಿನಕ್ಕೆ ಹಿಗ್ಗುತ್ತಿದ್ದರೆ? ಅದು ಪೈಪೇ.

ಬಚ್ಚಲದ ಹಿಂದಿನ ಗೋಡೆಯನ್ನು ಮರೆಯಬೇಡಿ. ಅಂಗಳದಲ್ಲಿ ಎಲ್ಲ ಕಡೆ ಹುಲ್ಲು ಒಣಗಿ, ಒಂದೇ ಕಡೆ ಹಸಿರು ಇದ್ದರೆ ಅಲ್ಲಿ ನಿಂತು ನೋಡಿ. ನಾಯಿ ದಿನಾ ಅದೇ ಜಾಗ ಕೆದರಿ ತಂಪಿಗೆ ಮಲಗುತ್ತದೆಯೇ? ನಾಯಿಗೆ ನಮಗಿಂತ ಮೊದಲು ತಿಳಿದಿರುತ್ತದೆ! ಇನ್ನೊಂದು ಮಾತು. ಮಣ್ಣಿನ ಗಡಿಗಿ ಬೆವರುವುದು ಸೋರಿಕೆ ಅಲ್ಲ. ಹಾಗೆ ಬೆವರುವುದರಿಂದಲೇ ಅದರ ನೀರು ತಣ್ಣಗಿರುತ್ತದೆ.

ಹಸಿ ಗೋಡೆಯಲ್ಲಿ ಕರೆಂಟಿನ ಬೋರ್ಡ್ ಇದ್ದರೆ ಮುಟ್ಟಬೇಡಿ. ಮಕ್ಕಳನ್ನೂ ಬಿಡಬೇಡಿ. ಒಣ ಕೈಯಿಂದ, ಕಾಲಲ್ಲಿ ಚಪ್ಪಲಿ ಇದ್ದು, ಮೇನ್ ಸ್ವಿಚ್ ಬಂದ್ ಮಾಡಿ. ಮೇನ್ ಸ್ವಿಚ್ಚೇ ಹಸಿಯಾಗಿದ್ದರೆ ಅದನ್ನೂ ಮುಟ್ಟದೆ ಲೈನ್‌ಮನ್‌ಗೆ ಹೇಳಿ.

ನಮ್ಮ ಎರಿ ಮಣ್ಣಿನ ಗುಣ ಬೇರೆ. ತೊಗರಿ ಹೊಲ ಬ್ಯಾಸಗಿಯಲ್ಲಿ ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮನೆಯ ಬುನಾದಿಯ ಕೆಳಗೂ ಇದೇ ಮಣ್ಣು ಇದ್ದರೆ ಏನಾಗುತ್ತದೆ? ಸೋರುವ ಕಡೆ ಮಣ್ಣು ಉಬ್ಬುತ್ತದೆ. ಉಳಿದ ಕಡೆ ಒಣಗಿ ಕುಗ್ಗುತ್ತದೆ. ಫರಸಿ ಏಳುತ್ತದೆ. ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಬಿರುಕಿಗೆ ಎಷ್ಟು ಸಿಮೆಂಟ್ ಮೆತ್ತಿದರೂ ಕೆಳಗಿನ ನೀರು ನಿಲ್ಲುವವರೆಗೆ ಅದು ಮತ್ತೆ ಬಾಯಿ ಬಿಡುತ್ತದೆ.

ಹೊರಗೆ ಬಿಡುವ ತೂತು ಒಳಗೂ ಬಿಡ್ತದ

ನೀರು ಹೋದರೆ ಹೋಯಿತು ಎನ್ನಬಹುದು. ಆದರೆ ಈ ಮಾತು ಗಮನವಿಟ್ಟು ಓದಿ.

ನಮ್ಮ ಊರುಗಳಲ್ಲಿ ನಳಕ್ಕೆ ದಿನವಿಡೀ ನೀರು ಬರುವುದು ಅಪರೂಪ. ನೀರು ಬರುವಾಗ ಪೈಪಿನ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಂತಾಗ ಪೈಪು ಖಾಲಿಯಾಗುತ್ತದೆ. ಆಗ ಹೊರಗಿನ ಕೆಸರು, ಗಟಾರದ ಹೊಲಸು ಅದೇ ತೂತಿನಿಂದ ಒಳಗೆ ಬರುತ್ತದೆ. ಮತ್ತೆ ನೀರು ಬಿಟ್ಟಾಗ ಅದೇ ನಮ್ಮ ಕೊಡಕ್ಕೆ ಬೀಳುತ್ತದೆ. ಕೆಲವರು ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆಯುತ್ತಾರೆ. ಆಗ ಹೊಲಸೂ ಜೋರಾಗಿ ಎಳೆದುಕೊಂಡು ಬರುತ್ತದೆ. ಒಬ್ಬರ ಮನೆಯ ಟಾಕಿ ತುಂಬಲು ಓಣಿಯ ಮಕ್ಕಳಿಗೆಲ್ಲ ಭೇದಿ ಹತ್ತುವುದು ಯಾವ ನ್ಯಾಯ?

1854ರಲ್ಲಿ ಲಂಡನ್ ಪಟ್ಟಣದಲ್ಲಿ ಹೀಗೇ ಆಯಿತು. ಬ್ರಾಡ್ ಸ್ಟ್ರೀಟ್ ಎಂಬ ಓಣಿಯಲ್ಲಿ ಕಾಲರಾ ಬಂತು. 600ಕ್ಕೂ ಹೆಚ್ಚು ಜನ ಸತ್ತರು. ಜಾನ್ ಸ್ನೋ ಎಂಬ ಡಾಕ್ಟರು ಮನೆ ಮನೆಗೆ ಹೋಗಿ ಕೇಳಿದರು. ಸತ್ತವರಲ್ಲಿ ಬಹಳ ಜನ ಒಂದೇ ಬಾವಿಯ ಕೈಪಂಪಿನ ನೀರು ಕುಡಿದಿದ್ದರು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆ ತೆಗೆಸಲಾಯಿತು. ಬಾವಿಗೆ ಹೊಲಸು ಎಲ್ಲಿಂದ ಬಂತು? ಮರುವರ್ಷ ಅಗೆದು ನೋಡಿದಾಗ ತಿಳಿಯಿತು. ಪಕ್ಕದ ಮನೆಯ ಹೊಲಸು ಗುಂಡಿಯ ಇಟ್ಟಂಗಿ ಸಡಿಲಾಗಿದ್ದವು. ಗುಂಡಿಗೂ ಬಾವಿಗೂ ಮೂರಡಿ ಅಂತರವೂ ಇರಲಿಲ್ಲ. ಆ ಮನೆಯ ತಾಯಿ ಭೇದಿಯಾದ ತನ್ನ ಕೂಸಿನ ಬಟ್ಟೆ ತೊಳೆದ ನೀರನ್ನು ಆ ಗುಂಡಿಗೆ ಚೆಲ್ಲಿದ್ದಳು. ಅವಳದು ತಪ್ಪು ಎನ್ನಲು ನಮಗೆ ಬಾಯಿ ಬರುವುದಿಲ್ಲ. ನೆಲದ ಕೆಳಗೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಇದು ಹಳೆಯ ಕಾಲದ, ದೂರದ ಮಾತಲ್ಲ. 2023ರ ಮೇ, ಜೂನ್ ತಿಂಗಳಲ್ಲಿ ನಮ್ಮ ಕಡೆಯ ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಲ್ಲಿ ವಾಂತಿ ಭೇದಿಯಿಂದ ಜನ ಸತ್ತರು. ಕೆಟ್ಟ ನೀರು ಕುಡಿದದ್ದೇ ಕಾರಣ ಎಂದು ಸುದ್ದಿಯಾಯಿತು.

ಆದ್ದರಿಂದ ನಳದ ಮೊದಲ ನೀರು ಕೆಂಪಾಗಿ, ರಾಡಿಯಾಗಿ ಬಂದರೆ, ಇಲ್ಲವೇ ವಾಸನೆ ಬಂದರೆ ಕುಡಿಯಲು ಹಿಡಿಯಬೇಡಿ. ತಿಳಿಯಾದ ಮೇಲೆ ಹಿಡಿದ ನೀರನ್ನೂ ಕುದಿಸಿ. ಕುದಿ ಬಂದ ಮೇಲೆ ಇನ್ನೂ ಒಂದು ನಿಮಿಷವಾದರೂ ಕುದಿಯಲಿ. ನೀರು ತಿಳಿಯಾಗಿ ಕಂಡರೂ ರೋಗದ ಹುಳು ಇರಬಹುದು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ನಿಮ್ಮ ಊರಲ್ಲಿ ಯಾರು ಕಲಿತಿದ್ದಾರೆ, ಪಂಚಾಯಿತಿಯಲ್ಲಿ ಕೇಳಿ. ಮಗುವಿಗೆ ಭೇದಿ ಹತ್ತಿದರೆ ಓಆರ್‌ಎಸ್ ಕುಡಿಸುತ್ತಾ ದವಾಖಾನೆಗೆ ಕರೆದುಕೊಂಡು ಹೋಗಿ.

ಒಡೆದ ಪೈಪಿಗೆ ಸೈಕಲ್ ಟ್ಯೂಬು ಸುತ್ತುವುದು ಒಂದೆರಡು ದಿನದ ಮಾತು. ನೀರು ಹೊರಗೆ ಬರುವುದು ಕಡಿಮೆಯಾದಂತೆ ಕಾಣುತ್ತದೆ, ಹೊಲಸು ಒಳಗೆ ಹೋಗುವುದು ನಿಲ್ಲುವುದಿಲ್ಲ. ಪೈಪು ಕತ್ತರಿಸಿ ಹೊಸ ತುಂಡು ಕೂಡಿಸಬೇಕು. ಗಟಾರದೊಳಗಿಂದ ಪೈಪು ಹಾದಿದ್ದರೆ ಮೇಲೆತ್ತಿ ಹಾಕಿಸಬೇಕು. ಮನೆಯ ಒಳಗಿನ ಪೈಪು ನಾವು ರಿಪೇರಿ ಮಾಡಿಸಬೇಕು. ಓಣಿಯ ಪೈಪು ಪಂಚಾಯಿತಿಯದು. ಮೊದಲು ವಾಟರ್‌ಮನ್‌ಗೆ ಹೇಳಿ. ಆಗದಿದ್ದರೆ ಬರೆದು ಕೊಡಿ. ಬಾಯಿ ಮಾತು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಹೀಗೆ ಬರೆಯಿರಿ:

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ,

ವಿಷಯ: ಕುಡಿಯುವ ನೀರಿನ ಪೈಪು ಸೋರುತ್ತಿರುವ ಬಗ್ಗೆ.

ಮಾನ್ಯರೇ, ನಮ್ಮ ಓಣಿಯಲ್ಲಿ ಗಟಾರದ ಹತ್ತಿರ ನೀರಿನ ಪೈಪು ಒಡೆದು 15 ದಿನ ಆಗಿದೆ. ನಳದಲ್ಲಿ ಮೊದಲು ರಾಡಿ ನೀರು ಬರುತ್ತದೆ. ಮಕ್ಕಳಿಗೆ ಭೇದಿ ಆಗುತ್ತಿದೆ. ಬೇಗ ಪೈಪು ಬದಲಾಯಿಸಿ, ನೀರು ಪರೀಕ್ಷೆ ಮಾಡಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಕೆಳಗೆ ದಿನಾಂಕ ಹಾಕಿ. ಓಣಿಯ ಹೆಣ್ಣುಮಕ್ಕಳೆಲ್ಲ ಹೆಸರು ಬರೆದು ಸಹಿ ಮಾಡಿ. ಹೆಬ್ಬೆಟ್ಟು ಬೇಡ, ಈಗ ನಮಗೆ ಸಹಿ ಬರುತ್ತದೆ. ಅರ್ಜಿ ಎರಡು ಪ್ರತಿ ಬರೆಯಿರಿ. ಒಂದನ್ನು ಪಂಚಾಯಿತಿಗೆ ಕೊಟ್ಟು, ಇನ್ನೊಂದರ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಬರೆಸಿ, ಠಸ್ಸೆ ಹಾಕಿಸಿಕೊಂಡು ಮನೆಗೆ ತನ್ನಿ.