ಮೂಗಿನ ನಳಿಕೆ ತೆಗೆಯುವ ಅವಸರ ಬೇಡ

"ಆಕ್ಸಿಜನ್ ಕೊಡ್ತಾನೇ ಇದ್ದರೆ ಮಗುವಿಗೆ ಅದೇ ಅಭ್ಯಾಸ ಆಗಿಬಿಡೋದಿಲ್ವಾ ಡಾಕ್ಟ್ರೇ?" ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಮನೆಗೆ ಕರೆದೊಯ್ಯುವ ದಿನ ಅಜ್ಜಿಯರು ಕೇಳುವ ಪ್ರಶ್ನೆ ಇದು. ಅಭ್ಯಾಸ ಆಗುವುದಿಲ್ಲ. ಈ ಮಕ್ಕಳಿಗೆ ಆಕ್ಸಿಜನ್ನೇ ಔಷಧ.

26–28 ವಾರಕ್ಕೆ ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಗಾಳಿಗೂಡುಗಳು ಇನ್ನೂ ಮೂಡಿರುವುದಿಲ್ಲ. ವೆಂಟಿಲೇಟರ್ ಜೀವ ಉಳಿಸುತ್ತದೆ, ಆದರೆ ಎಳೆಯ ಶ್ವಾಸಕೋಶವನ್ನು ನೋಯಿಸಿಯೂ ಇರುತ್ತದೆ. ಗರ್ಭದ ಲೆಕ್ಕದಲ್ಲಿ 36 ವಾರ ತುಂಬಿದರೂ ಆಕ್ಸಿಜನ್ ಬೇಕಾದರೆ ಅದನ್ನು ಬಿಪಿಡಿ, ಅಂದರೆ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಎನ್ನುತ್ತೇವೆ. ಗೂಡುಗಳು ಕಡಿಮೆಯಾದರೆ ಅವನ್ನು ಸುತ್ತುವ ರಕ್ತನಾಳಗಳೂ ಕಡಿಮೆ. ಇಪ್ಪತ್ತು ಕವಲುಗಳಲ್ಲಿ ಹರಿಯಬೇಕಾದ ನೀರನ್ನು ಐದೇ ಕವಲಿಗೆ ನುಗ್ಗಿಸಿದಂತೆ ಅಲ್ಲಿ ಒತ್ತಡ ಏರುತ್ತದೆ. ಇದೇ ಪಲ್ಮನರಿ ಹೈಪರ್‌ಟೆನ್ಷನ್. ಹೊರೆ ಬೀಳುವುದು ಹೃದಯದ ಬಲಭಾಗದ ಮೇಲೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯಲ್ಲಿ ಇದು ಕಾಣಿಸದು; ಅದಕ್ಕೇ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸುತ್ತೇವೆ.

ಆಕ್ಸಿಜನ್ ಇಳಿದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಸಾಕಷ್ಟಿದ್ದಾಗ ಸಡಿಲವಾಗುತ್ತವೆ. ಇಂಥ ಮಕ್ಕಳಲ್ಲಿ ಆಕ್ಸಿಮೀಟರ್ ಸಾಮಾನ್ಯವಾಗಿ 92–95ರ ನಡುವೆ ಇರಬೇಕೆಂದು ಬಯಸುತ್ತೇವೆ. ಎಚ್ಚರವಾಗಿ ಆಡುತ್ತಿರುವಾಗ ಸರಿಯಿದ್ದ ಅಂಕಿ ನಿದ್ದೆಯಲ್ಲಿ, ಹಾಲು ಕುಡಿಯುವಾಗ ಜಾರಬಹುದು. ಮಗು ನಗುತ್ತಿದೆ, ಕೆನ್ನೆ ತುಂಬಿದೆ ಎಂದು ನಳಿಕೆ ತೆಗೆದಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಒಳಗಿನ ಬಿಗಿತ ಮುಖದಲ್ಲಿ ತಿಳಿಯುವುದಿಲ್ಲ.

ಕೆಲವರಿಗೆ ಸಿಲ್ಡೆನಾಫಿಲ್ ಬರೆದುಕೊಡುತ್ತೇವೆ. ಅದು ಗಂಡಸರ ಮಾತ್ರೆಯಲ್ಲವೇ ಎಂದು ಮೆಡಿಕಲ್ ಶಾಪಿನಲ್ಲಿ ಯಾರೋ ಅಂದರೆಂದು ಗಾಬರಿಯಾಗಬೇಡಿ. ಶ್ವಾಸಕೋಶದ ರಕ್ತನಾಳಗಳನ್ನೂ ಅದು ಸಡಿಲಿಸುತ್ತದೆ. ತೂಕ ನೋಡಿ ಅಳತೆ ನಿಗದಿಯಾಗುತ್ತದೆ. ಥಟ್ಟನೆ ನಿಲ್ಲಿಸಬಾರದು, ಹಾಗಾಗಿ ಔಷಧ ಮುಗಿಯುವ ಮುಂಚೆಯೇ ತಂದಿಡಿ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಿಡಿಯುವುದು ಪ್ರೀತಿಯಿಂದಲೇ ಎಂದು ಗೊತ್ತು. ಈ ಮಗುವಿಗೆ ಅದು ಬೇಡ. ಊದುಬತ್ತಿ, ಸೊಳ್ಳೆಬತ್ತಿ, ಬೀಡಿ, ಸೌದೆ ಒಲೆಯ ಹೊಗೆಯೂ ಬೇಡ. ಆಕ್ಸಿಜನ್ ಇರುವ ಕಡೆ ಬೆಂಕಿಯೇ ಅಪಾಯ. ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಮಕರಣದ ಜನಜಂಗುಳಿ ಸ್ವಲ್ಪ ಕಾಯಲಿ. ಒಂದು ನೆಗಡಿ ಸಾಕು, ಮತ್ತೆ ಆಸ್ಪತ್ರೆ ಸೇರಲು. ಲಸಿಕೆಗಳನ್ನು ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿಸಿ, 6 ತಿಂಗಳಾದ ಮೇಲೆ ಫ್ಲೂ ಲಸಿಕೆಯನ್ನೂ. ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬಳಸುವವರು ಕರೆಂಟ್ ಹೋದಾಗ ಬೇಕೆಂದು ತುಂಬಿದ ಸಿಲಿಂಡರ್ ಇಟ್ಟುಕೊಳ್ಳಿ. ಊಟಿಯಂಥ ಎತ್ತರದ ಊರಿಗೋ ವಿಮಾನ ಪ್ರಯಾಣಕ್ಕೋ ಹೊರಡುವ ಮುನ್ನ ನಮ್ಮನ್ನೊಮ್ಮೆ ಕೇಳಿ.

ಹಾಲು ಕುಡಿಯುತ್ತಾ ಹಣೆ ಬೆವರುವುದು, ಏದುಸಿರು, ತೂಕ ಏರದಿರುವುದು, ರೆಪ್ಪೆ ಊದುವುದು ಕಂಡರೆ ಅಂದೇ ತೋರಿಸಿ. ತುಟಿ ನೀಲಿಯಾದರೆ, ಅಳುತ್ತಲೇ ಮೈ ಸಡಿಲ ಬಿಟ್ಟರೆ, ಆಕ್ಸಿಜನ್ ಕೊಡುತ್ತಲೇ 108ಕ್ಕೆ ಕರೆ ಮಾಡಿ.

ಕೆಲವು ಮಕ್ಕಳಿಗೆ ಕಾಯಿಲೆ ಗಂಭೀರವಾಗುತ್ತದೆ, ಅದನ್ನು ಮುಚ್ಚಿಡಲಾರೆ. ಆದರೆ ಮೊದಲ ಎರಡು ವರ್ಷ ಹೊಸ ಗಾಳಿಗೂಡುಗಳು ಬಿರುಸಾಗಿ ಬೆಳೆಯುವ ಕಾಲ, ಜೊತೆಗೆ ರಕ್ತನಾಳಗಳೂ. ಎಷ್ಟೋ ಮಕ್ಕಳಲ್ಲಿ ಒತ್ತಡ ಇಳಿದು ನಳಿಕೆಯೂ ಹೋಗುತ್ತದೆ. ಯಾವಾಗ ಎಂಬುದನ್ನು ಎಕೋ ನೋಡಿ ಹೇಳುತ್ತೇವೆ. ಮುಂದಿನ ಸಲ ಬರುವಾಗ, ನಿದ್ದೆಯಲ್ಲಿ ಮತ್ತು ಹಾಲು ಕುಡಿಯುವಾಗ ಆಕ್ಸಿಮೀಟರ್ ತೋರಿಸಿದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ.