ಹಣ ಕಟ್ಟುವ ಮೊದಲು ಕಂಪನಿಯ ಹಲ್ಲು ನೋಡಿ

ಪಶುವೈದ್ಯಾಧಿಕಾರಿ, ಹತ್ತಿಕುಣಿ



ಸಂತೆಯಲ್ಲಿ ಆಕಳು ಕೊಳ್ಳುವಾಗ ನೀವು ಮಾರುವವನ ಮಾತು ನಂಬಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತೀರಿ. ನಾಲ್ಕೂ ಮೊಲೆಯಿಂದ ಹಾಲು ಹಿಂಡಿ ನೋಡುತ್ತೀರಿ. ಆದರೆ ಅಷ್ಟೇ ಹಣವನ್ನು ವಾಟ್ಸಾಪ್‌ನಲ್ಲಿ ಕಂಡ ಕಂಪನಿಗೆ ಕಳಿಸುವಾಗ ಇಂಥ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಚಿಕಿತ್ಸೆಗೆಂದು ಹಳ್ಳಿಗೆ ಹೋದಾಗ ಹಲವರು ನನಗೆ ಮೊಬೈಲ್ ತೋರಿಸಿ, "ಸರ್, ಈ ಕಂಪನಿ ಖರೇ ಅದ ಏನ್ರಿ?" ಎಂದು ಕೇಳುತ್ತಾರೆ. ಇದನ್ನು ನೀವೇ ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ತಿಳಿಸಿದ್ದೇನೆ.

ಕೇಳಬೇಕಾದ ಪ್ರಶ್ನೆಗಳು ಎರಡು. ಕಂಪನಿ ನಿಜವಾಗಿ ಇದೆಯೇ? ಅದು ಈಗ ಹೇಳುತ್ತಿರುವ ಕೆಲಸ ಮಾಡಲು ಅದಕ್ಕೆ ಅನುಮತಿ ಇದೆಯೇ? ಬಹಳಷ್ಟು ಜನ ಮೊದಲ ಪ್ರಶ್ನೆಗೇ ನಿಲ್ಲುತ್ತಾರೆ. ಮೋಸ ಆಗುವುದು ಎರಡನೆಯದರಲ್ಲಿ.

ಎಮು ಹಕ್ಕಿ ಕಲಿಸಿದ ಪಾಠ

ತಮಿಳುನಾಡಿನ ಈರೋಡ್ ಜಿಲ್ಲೆಯ ಪೆರುಂದುರೈಯಲ್ಲಿ ಸುಸಿ ಎಮು ಫಾರ್ಮ್ಸ್ ಎಂಬ ಪ್ರೈವೇಟ್ ಲಿಮಿಟೆಡ್ ಕಂಪನಿ ಇತ್ತು. ರೈತರು ಒಂದೂವರೆ ಲಕ್ಷ ರೂಪಾಯಿ ಕಟ್ಟಿದರೆ ಆರು ಎಮು ಮರಿ ಕೊಡುತ್ತೇವೆ, ತಿಂಗಳಿಗೆ 6,000 ರೂಪಾಯಿ ಕೊಡುತ್ತೇವೆ, ಮೇಲೆ ಬೋನಸ್ ಕೊಡುತ್ತೇವೆ ಎಂದು ಹೇಳಿತ್ತು. ಲೆಕ್ಕ ಹಾಕಿ: ಬೋನಸ್ ಬಿಟ್ಟರೂ ವರ್ಷಕ್ಕೆ 72,000 ರೂಪಾಯಿ, ಅಂದರೆ ಕಟ್ಟಿದ ಹಣದ ನೂರಕ್ಕೆ 48ರಷ್ಟು. ಎಮು ಮರಿ ಬೆಳೆದು ಮೊಟ್ಟೆ ಇಡಲು ಕಡಿಮೆ ಎಂದರೂ ಒಂದೂವರೆ ವರ್ಷ ಬೇಕು. ಆದರೆ ಹಣ ಮಾತ್ರ ಮೊದಲ ತಿಂಗಳಿನಿಂದಲೇ ಬರುತ್ತಿತ್ತು. ಹಕ್ಕಿಯಿಂದ ಆದಾಯವೇ ಇಲ್ಲದಾಗ ಆ ಹಣ ಎಲ್ಲಿಂದ ಬರಬೇಕು? ಹಿಂದಿನಿಂದ ಬಂದು ಸೇರಿದ ರೈತರ ಗಂಟಿನಿಂದ.

2012ರ ಆಗಸ್ಟ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಸಾವಿರಾರು ಜನ ದೂರು ಕೊಟ್ಟರು. ಶೆಡ್‌ಗಳಲ್ಲಿ ಹಸಿದು ನಿಂತ ಹಕ್ಕಿಗಳಿಗೆ ಕೊನೆಗೆ ಸರ್ಕಾರದ ಪಶುಪಾಲನಾ ಇಲಾಖೆಯೇ ಆಹಾರ ಹಾಕಬೇಕಾಯಿತು. ಕಂಪನಿಗೆ ಕಚೇರಿ, ಶೆಡ್, ಹಕ್ಕಿ, ನೋಂದಣಿ ಎಲ್ಲವೂ ಇದ್ದವು. ಜನರಿಂದ ಹಣ ಪಡೆಯುವ ಅನುಮತಿ ಮಾತ್ರ ಇರಲಿಲ್ಲ.

ಇದು ದೂರದ ಮಾತೆಂದು ಬಿಡಬೇಡಿ. ವಿಜಯವಾಡದ ಅಗ್ರಿಗೋಲ್ಡ್ ಸಂಸ್ಥೆ ಕಂತಿನ ಹಣಕ್ಕೆ ನಿವೇಶನ ಇಲ್ಲವೇ ಹೆಚ್ಚಿನ ಹಣ ಕೊಡುವುದಾಗಿ ಹೇಳಿ, ಆಂಧ್ರ, ತೆಲಂಗಾಣದ ಜೊತೆಗೆ ಕರ್ನಾಟಕದ ಜನರಿಂದಲೂ ಹಣ ಸಂಗ್ರಹಿಸಿತ್ತು.

ಮೊದಲ ಪರೀಕ್ಷೆ: ಕಂಪನಿಯ ದಾಖಲೆ

ದೇಶದಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯ ಮೂಲ ಮಾಹಿತಿ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿದೆ (ಎಂಸಿಎ ಡಾಟ್ ಗವ್ ಡಾಟ್ ಇನ್). ಅಲ್ಲಿ 'ಕಂಪನಿ ಮಾಸ್ಟರ್ ಡೇಟಾ' ವಿಭಾಗದಲ್ಲಿ ಕಂಪನಿಯ ಹೆಸರು ಅಥವಾ ಸಿಐಎನ್ ಸಂಖ್ಯೆ ಹಾಕಿ ಹುಡುಕಬೇಕು. ಸಿಐಎನ್ ಎಂದರೆ ಕಂಪನಿಯ 21 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ. ಕಂಪನಿಯ ಪತ್ರಗಳ ಮೇಲೆ ಇದು ಇರಲೇಬೇಕು. ಕೇಳಿದರೂ ಕೊಡದಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಿ.

ದಾಖಲೆಯಲ್ಲಿ ಇಷ್ಟನ್ನು ನೋಡಿ:

1. ಸ್ಥಿತಿ: 'ಆಕ್ಟಿವ್' ಎಂದಿರಬೇಕು. 'ಸ್ಟ್ರೈಕ್ ಆಫ್' ಎಂದಿದ್ದರೆ ಆ ಕಂಪನಿಯ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಗಿದೆ.

2. ಹುಟ್ಟಿದ ದಿನ: "ಇಪ್ಪತ್ತು ವರ್ಷದ ಅನುಭವ" ಎನ್ನುವ ಕಂಪನಿ ಕಳೆದ ವರ್ಷ ನೋಂದಣಿಯಾಗಿದ್ದರೆ ಕಾರಣ ಕೇಳಿ.

3. ಪಾವತಿಯಾದ ಬಂಡವಾಳ: ಮಾಲೀಕರು ಹಾಕಿದ ಬಂಡವಾಳ ಒಂದೇ ಲಕ್ಷವಿದ್ದು, ನಿಮ್ಮೊಬ್ಬರಿಂದಲೇ ಎರಡು ಲಕ್ಷ ಕೇಳುತ್ತಿದ್ದರೆ ಯಾರ ಹಣದಲ್ಲಿ ವ್ಯವಹಾರ ನಡೆಯುತ್ತಿದೆ ಎಂದು ಯೋಚಿಸಿ.

4. ಕೊನೆಯ ಲೆಕ್ಕಪತ್ರದ ದಿನಾಂಕ: ಹಲವು ವರ್ಷ ಲೆಕ್ಕ ಸಲ್ಲಿಸದ ಕಂಪನಿ ನಿಮಗೂ ಲೆಕ್ಕ ಕೊಡುವುದಿಲ್ಲ.

5. ಸಿಐಎನ್ ಒಳಗಿನ ಮೂರು ಅಕ್ಷರ: ನೋಂದಣಿ ವರ್ಷದ ಪಕ್ಕದಲ್ಲಿ 'ಪಿಟಿಸಿ' ಎಂದಿದ್ದರೆ ಅದು ಪ್ರೈವೇಟ್ ಕಂಪನಿ. 2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಕಂಪನಿ ಸಾರ್ವಜನಿಕರಿಂದ ಠೇವಣಿ ಪಡೆಯುವಂತಿಲ್ಲ.

ಎರಡನೇ ಪರೀಕ್ಷೆ: ಅನುಮತಿ

ಹಣ ಕಟ್ಟಿಸಿಕೊಂಡು ನಿಗದಿತ ಲಾಭ ಕೊಡುವವರಾದರೆ: ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್‌ನಲ್ಲಿ ಆ ಸಂಸ್ಥೆಯ ಹೆಸರು ಹುಡುಕಿ (ಸಚೇತ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್). ದೂರನ್ನೂ ಅಲ್ಲೇ ಕೊಡಬಹುದು. ಆಡು ಸಾಕಣೆ, ಕೋಳಿ ಒಪ್ಪಂದ, ಹಸು ದತ್ತು ಎಂದು ಏನೇ ಹೆಸರಿಟ್ಟಿರಲಿ, ಹಣ ಮೊದಲು ನೀವು ಕೊಟ್ಟು ಲಾಭದ ಭರವಸೆ ಅವರು ಕೊಡುತ್ತಿದ್ದರೆ ಈ ಪರೀಕ್ಷೆ ಮಾಡಲೇಬೇಕು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾಯ್ದೆ ನಿಷೇಧಿಸಿದೆ.

ಪಶು ಆಹಾರ, ಖನಿಜ ಮಿಶ್ರಣ ಮಾರುವವರಾದರೆ: ಚೀಲದ ಮೇಲೆ ಐಎಸ್‌ಐ ಗುರುತು ಇದ್ದರೆ ಅದರ ಜೊತೆಗಿರುವ ಸಿಎಂ/ಎಲ್ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ. ಯಾವ ಕಂಪನಿಗೆ, ಯಾವ ಸರಕಿಗೆ ಪರವಾನಗಿ ಇದೆ ಎಂಬುದು ಬರುತ್ತದೆ. ಪಶು ಆಹಾರದ ಮಾನಕ ಐಎಸ್ 2052, ಖನಿಜ ಮಿಶ್ರಣದ್ದು ಐಎಸ್ 1664. ಚೀಲದ ಮೇಲಿನ ಹೆಸರಿಗೂ ಆ್ಯಪ್ ತೋರಿಸುವ ಹೆಸರಿಗೂ ತಾಳೆ ಇಲ್ಲದಿದ್ದರೆ ಆ ಚೀಲ ಬೇಡ.

ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಮಾರುವವರಾದರೆ: ಬಿಲ್ ಮೇಲಿನ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನ 'ಸರ್ಚ್ ಟ್ಯಾಕ್ಸ್‌ಪೇಯರ್' ನಲ್ಲಿ ಹಾಕಿ. ಕರ್ನಾಟಕದ ಸಂಖ್ಯೆ 29ರಿಂದ, ತೆಲಂಗಾಣದ್ದು 36ರಿಂದ ಶುರುವಾಗುತ್ತದೆ. ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲವೂ ಕಾಣುತ್ತದೆ.

ಜಾನುವಾರು ವಿಮೆ ಮಾಡಿಸುವವರಾದರೆ: ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ವೆಬ್‌ಸೈಟ್‌ನ ಪಟ್ಟಿಯಲ್ಲಿ ಆ ಕಂಪನಿಯ ಹೆಸರಿರಬೇಕು.

ಹುಡುಕುವಾಗ ಎಚ್ಚರ

ಅವರೇ ಕಳಿಸಿದ ಲಿಂಕ್ ಒತ್ತಬೇಡಿ. ವಿಳಾಸವನ್ನು ನೀವೇ ಟೈಪ್ ಮಾಡಿ. ದೊಡ್ಡ ಕಂಪನಿಯ ಹೆಸರಿಗೆ ಒಂದಕ್ಷರ ಕೂಡಿಸಿ ಅಥವಾ ಬಿಟ್ಟು ನಕಲಿ ಹೆಸರು ಮಾಡುವವರಿದ್ದಾರೆ, ಆದ್ದರಿಂದ ಕಾಗುಣಿತ ನೋಡಿ. ಯೂಟ್ಯೂಬ್‌ನಲ್ಲಿ ಹೊಗಳಿಕೆಯ ವಿಡಿಯೋ ಮಾಡಿಸಲು ಹಣ ಕೊಟ್ಟರೆ ಸಾಕು, ಅದು ಸಾಕ್ಷಿಯಲ್ಲ. ನಿಜವಾದ ಕಂಪನಿಯ ನೋಂದಣಿ ಪತ್ರವನ್ನೇ ಬೇರೆಯವರು ತಮ್ಮದೆಂದು ತೋರಿಸುವುದೂ ಉಂಟು. ಹಣ ಹಾಕಲು ಹೇಳಿದ ಬ್ಯಾಂಕ್ ಖಾತೆ ಕಂಪನಿಯ ಹೆಸರಿನಲ್ಲಿ ಇಲ್ಲದೆ ಯಾರದೋ ಹೆಸರಿನಲ್ಲಿದ್ದರೆ ಹಣ ಕಳಿಸಬೇಡಿ.

ದಾಖಲೆಗಳು ಇಂಗ್ಲಿಷಿನಲ್ಲಿವೆ. ಕಾಲೇಜಿಗೆ ಹೋಗುವ ಮಗ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅಥವಾ ನಿಮ್ಮ ಸಂಘದ ಕಾರ್ಯದರ್ಶಿಯ ಸಹಾಯ ಕೇಳಿ. ಅರ್ಧ ಗಂಟೆಯ ಕೆಲಸ. "ಇವತ್ತೇ ಕಟ್ಟಿದರೆ ಮಾತ್ರ ರಿಯಾಯಿತಿ" ಎಂದು ಆ ಅರ್ಧ ಗಂಟೆಯನ್ನೂ ಕೊಡದವನಿಗೆ ಹಣ ಕೊಡಬೇಡಿ.

ಈಗಾಗಲೇ ಆನ್‌ಲೈನ್‌ನಲ್ಲಿ ಹಣ ಕಳಿಸಿ ಮೋಸ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ರಸೀದಿ, ಬಾಂಡ್, ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸದೆ ಇಟ್ಟುಕೊಂಡು ಪೊಲೀಸ್ ಠಾಣೆಗೆ ದೂರು ಕೊಡಿ.

ನೆನಪಿಡಿ: ನೋಂದಣಿ ಇದೆ ಎಂದರೆ ಕಂಪನಿಗೆ ಹೆಸರಿದೆ ಎಂದಷ್ಟೇ ಅರ್ಥ. ನಿಮ್ಮ ಹಣ ಪಡೆಯಲು ಅದಕ್ಕೆ ಬೇರೆ ಅನುಮತಿ ಬೇಕು. ಎರಡನ್ನೂ ನೋಡಿದ ಮೇಲೆಯೇ ಗಂಟು ಬಿಚ್ಚಿ.